ತುರಹಳ್ಳಿಯ ಚಿರತೆಗೆ, ನಾಯಂಡಹಳ್ಳಿಯಿಂದ

ತುರಹಳ್ಳಿ ಕಾಡಿನ ಚಿರತೆಯೇ,

ಪತ್ರ ನಿನ್ನ ಹೆಸರಿಗಿದ್ದರೂ ನಮ್ಮ ಬೀದಿಯವರೂ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ. ನಿನಗೂ ನಮಗೂ ನಡುವೆ ಇರುವುದು ಏಳೆಂಟು ಕಿಲೋಮೀಟರ್. 2021ರ ಆಗಸ್ಟಿನಲ್ಲಿ ಮೆಟ್ರೊ ಮೈಸೂರು ರಸ್ತೆ ನಿಲ್ದಾಣದಿಂದ ನಾಯಂಡಹಳ್ಳಿ ದಾಟಿ ಕೆಂಗೇರಿ ತಲುಪಿತು. ಅದರ ಬೆನ್ನಿಗೇ ಲೇಔಟುಗಳು, ಅಪಾರ್ಟ್‌ಮೆಂಟುಗಳು ನಿನ್ನ ಕಡೆಗೆ ಇನ್ನಷ್ಟು ಸರಿದವು. ಮರುವರ್ಷ ಡಿಸೆಂಬರಿನಲ್ಲಿ ಕೆಂಗೇರಿ ಹತ್ತಿರದ ಕೋಡಿಪಾಳ್ಯ, ತುರಹಳ್ಳಿ ಸುತ್ತಮುತ್ತ ನೀನೋ ನಿನ್ನ ಬಳಗದವರೋ ಕಾಣಿಸಿಕೊಂಡಾಗ ಇಲ್ಲಿಯವರೆಗೂ ಗಾಬರಿ ಹಬ್ಬಿತ್ತು. ಬೋನು ಇಡಿ, ಹಿಡಿದು ದೂರದ ಕಾಡಿಗೆ ಬಿಟ್ಟುಬನ್ನಿ ಎಂಬುದೇ ಎಲ್ಲರ ಬಾಯಲ್ಲಿ. ಆ ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಣ್ಣ ಮಕ್ಕಳಿರುವ ಮನೆಯವರು ಹೆದರದೆ ಇನ್ನೇನು ಮಾಡಿಯಾರು?

ಆದರೆ ನೀನು ಎಲ್ಲಿಂದಲೋ ದಾರಿ ತಪ್ಪಿ ಬಂದವನಲ್ಲ ಎಂಬುದನ್ನು ನಾವು ಮೊದಲು ಒಪ್ಪಿಕೊಳ್ಳಬೇಕು. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರ ಹೊಳೆಮತ್ತಿ ನೇಚರ್ ಫೌಂಡೇಶನ್ ತಂಡ ಕ್ಯಾಮೆರಾ ಟ್ರ್ಯಾಪ್ ಕಟ್ಟಿ ಅಧ್ಯಯನ ಮಾಡಿ, ಬೆಂಗಳೂರಿನ ಅಂಚಿನಲ್ಲಿ 80ರಿಂದ 85 ಚಿರತೆಗಳಿವೆ ಎಂದು ಅಂದಾಜು ಮಾಡಿದೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವೊಂದರಲ್ಲೇ ಐವತ್ತಕ್ಕೂ ಹೆಚ್ಚು. ಉಳಿದವು ತುರಹಳ್ಳಿ, ಬಿ.ಎಂ. ಕಾವಲ್‌ನಂಥ ಚೂರುಪಾರು ಕಾಡುಗಳಲ್ಲಿ ಬದುಕುತ್ತಿವೆ. ಕೋಟಿಗೂ ಮೀರಿದ ಜನರ ಊರಿನ ಮಗ್ಗುಲಲ್ಲಿ ಇಷ್ಟು ಚಿರತೆಗಳು ಇದ್ದೂ ಬಹುತೇಕ ರಾತ್ರಿಗಳು ಸದ್ದಿಲ್ಲದೆ ಕಳೆಯುತ್ತವೆ ಎಂದರೆ, ಅದರ ಶ್ರೇಯಸ್ಸು ಹೆಚ್ಚಿನ ಪಾಲು ನಿನಗೇ ಸಲ್ಲಬೇಕು. ನಮ್ಮ ಕಣ್ಣು ತಪ್ಪಿಸಿ ಓಡಾಡುವ ಶ್ರಮವೆಲ್ಲ ನಿನ್ನದು.

ಅಮೆರಿಕದ ಷಿಕಾಗೊ ನಗರದಲ್ಲೂ ನಿನ್ನ ಹಾಗೆ ಜನರ ಕಣ್ಣು ತಪ್ಪಿಸಿ ಬದುಕುವ ಕಯೋಟಿ ಎಂಬ ಪ್ರಾಣಿ ಇದೆ. ನಮ್ಮ ನರಿಗಿಂತ ಸ್ವಲ್ಪ ದೊಡ್ಡದು, ತೋಳದ ನಂಟು. ಸ್ಟ್ಯಾನ್ ಗೆರ್ಟ್ ಎಂಬ ವಿಜ್ಞಾನಿಯ ತಂಡ 2000ದಿಂದಲೂ ಅವುಗಳಿಗೆ ರೇಡಿಯೊ ಕಾಲರ್ ತೊಡಿಸಿ ಹಿಂಬಾಲಿಸುತ್ತಿದೆ. ಊರೊಳಗಿನ ಕಯೋಟಿಗಳು ಹಗಲು ಅಡಗಿ ರಾತ್ರಿ ತಿರುಗುತ್ತವೆ, ಇಲಿ ಮೊಲ ತಿಂದು ಬದುಕುತ್ತವೆ, ಹೆಚ್ಚಾಗಿ ಸಾಯುವುದು ವಾಹನಗಳ ಚಕ್ರಕ್ಕೆ ಸಿಕ್ಕಿ. ಒಂದನ್ನು ತೆಗೆದರೆ ಆ ಜಾಗಕ್ಕೆ ಇನ್ನೊಂದು ಬಂದು ಸೇರಿಕೊಳ್ಳುತ್ತದೆ. ನಿನ್ನ ವಿಷಯದಲ್ಲೂ ಹಾಗೆಯೇ. ಖಾಲಿಯಾದ ಜಾಗಕ್ಕೆ ಹರೆಯದ ಇನ್ನೊಂದು ಚಿರತೆ ಬರುತ್ತದೆ, ಅದಕ್ಕೆ ಈ ಊರಿನ ದಾರಿ, ಹೊತ್ತು, ಅಪಾಯ ಯಾವುದೂ ಗೊತ್ತಿರುವುದಿಲ್ಲ.

ಹಿಡಿದು ಬೇರೆಡೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರದ ಜುನ್ನರ್ ಸಾಕ್ಷಿ. 2001ರಿಂದ 2003ರ ನಡುವೆ ಅಲ್ಲಿ ನೂರಕ್ಕೂ ಹೆಚ್ಚು ಚಿರತೆಗಳನ್ನು ಹಿಡಿದರು, ಹಲವನ್ನು ಬೇರೆ ಕಾಡುಗಳಿಗೆ ಸಾಗಿಸಿ ಬಿಟ್ಟರು. ಜನರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4 ಇದ್ದದ್ದು 17ಕ್ಕೆ ಏರಿತೆಂದು ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ಬೋನನ್ನೇ ಪರಿಹಾರ ಎಂದು ನಂಬಿದವರೆಲ್ಲ ಈ ಲೆಕ್ಕವನ್ನು ಓದಬೇಕು.

ಅದೇ ಅತ್ರೇಯರು ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನಲ್ಲಿ ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ ಅದರ ಆಹಾರದಲ್ಲಿ ಶೇ 39ರಷ್ಟು ನಾಯಿಯೇ ಇತ್ತು. ನಾಯಂಡಹಳ್ಳಿಯ ಹೊಣೆ ಶುರುವಾಗುವುದು ಇಲ್ಲಿಂದ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ವೃಷಭಾವತಿ ನದಿಯ ದಂಡೆಗೆ ಬಂದು ನೋಡಿದರೆ ಸಾಕು. ಕೋಳಿ, ಮಟನ್ ಅಂಗಡಿಗಳ ಉಳಿಕೆ ತುಂಬಿದ ಕಪ್ಪು ಪ್ಲಾಸ್ಟಿಕ್ ಕವರುಗಳು ತಂತಿಬೇಲಿಯ ಬುಡದಲ್ಲಿ ಸಾಲಾಗಿ ಬಿದ್ದಿರುತ್ತವೆ. ನಾಯಿಯೊಂದು ಮುಂಗಾಲಿನಿಂದ ಕವರನ್ನು ಒತ್ತಿ ಹಿಡಿದು ಹಲ್ಲಿನಿಂದ ಸೀಳುತ್ತದೆ. ಪುಕ್ಕ, ಕರುಳು, ಹಳದಿ ಕಾಲುಗಳು ಹೊರಬೀಳುತ್ತಲೇ ಉಳಿದ ನಾಯಿಗಳು ಮುತ್ತುತ್ತವೆ. ಸಂತಾನಹರಣವಾದ ನಾಯಿಯ ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ. ಆ ಗುಂಪಿನಲ್ಲಿ ಕಚ್ಚಿಲ್ಲದ ಕಿವಿಗಳೇ ಹೆಚ್ಚು, ಕೆಲವಕ್ಕೆ ಮೊಲೆ ಜೋಲುತ್ತಿರುತ್ತದೆ. 2023ರ ಬಿಬಿಎಂಪಿ ಸಮೀಕ್ಷೆಯ ಪ್ರಕಾರ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳು. ಅವಕ್ಕೆ ಊಟ ಹಾಕುತ್ತಿರುವುದು ನಮ್ಮ ಕಸ. ನಗರದ ಅಂಚಿನವರೆಗೂ ಈ ಕಸ, ಈ ನಾಯಿಗಳು ಹಬ್ಬಿಕೊಂಡಿರುವಾಗ, ಹಸಿದ ನಿನಗೆ ಬೆನ್ನು ತಿರುಗಿಸಿ ಕಾಡಿಗೆ ಹೋಗು ಎನ್ನುವುದು ಯಾವ ನ್ಯಾಯ? ನಿನ್ನನ್ನು ಊರಿಗೆ ಕರೆದವರು ನಾವೇ. ಇದನ್ನು ನಮ್ಮವರ ಮುಖಕ್ಕೇ ಹೇಳುತ್ತೇನೆ.

2023ರ ನವೆಂಬರ್ 1ರಂದು, ಊರೆಲ್ಲ ರಾಜ್ಯೋತ್ಸವದ ಸಡಗರದಲ್ಲಿದ್ದಾಗ, ಕೂಡ್ಲು ಗೇಟ್ ಬಳಿಯ ಪಾಳುಕಟ್ಟಡದಲ್ಲಿ ಅವಿತಿದ್ದ ಚಿರತೆ ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತುಹೋಯಿತು. ಹಿಡಿಯಲು ಹೋದ ಸಿಬ್ಬಂದಿಗೂ ಗಾಯವಾಯಿತು. ಆ ಸುದ್ದಿ ನೋಡಿದ ಸಂಕಟ ನನಗೆ ಇನ್ನೂ ಆರಿಲ್ಲ. ಅಂಥದ್ದು ನಮ್ಮ ಕಡೆ ನಡೆಯಬಾರದು.

ನಿನಗೆ ಬೇಕಾದ್ದು ಬನ್ನೇರುಘಟ್ಟದಿಂದ ತುರಹಳ್ಳಿಯವರೆಗೆ ಕಡಿಯದೆ ಉಳಿದ ದಾರಿ. ಬಿ.ಎಂ. ಕಾವಲ್, ಯು.ಎಂ. ಕಾವಲ್, ರೋರಿಕ್ ಎಸ್ಟೇಟ್, ಗೊಲ್ಲಹಳ್ಳಿ ಗುಡ್ಡ ಇವನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಬೇಕೆಂದು ಗುಬ್ಬಿ ಅವರ ತಂಡ ಕೇಳಿದೆ. ಸರ್ಕಾರ ಅದನ್ನು ತಡಮಾಡದೆ ಮಾಡಬೇಕು. ಜನ ಒಟ್ಟಾದರೆ ಕೆಲಸ ಆಗುತ್ತದೆ ಎಂಬುದಕ್ಕೆ ನಿನ್ನ ಕಾಡೇ ಉದಾಹರಣೆ. 2021ರಲ್ಲಿ ತುರಹಳ್ಳಿಯಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ ಸುತ್ತಲಿನ ನಾಗರಿಕರು ಬೀದಿಗಿಳಿದರು, ಯೋಜನೆ ನಿಂತಿತು. ಸಂಜೆ ವಾಕಿಂಗಿಗೆ ದೀಪ, ಕಲ್ಲುಹಾಸು ಕೇಳದೆ ಕುರುಚಲು ಕಾಡನ್ನು ಹಾಗೆಯೇ ಬಿಡಿ ಎಂದ ಆ ಜನರಿಗೆ ನಾನು ಕೈಮುಗಿಯುತ್ತೇನೆ.

ಇನ್ನು ನಾಯಂಡಹಳ್ಳಿಯ ನೆರೆಹೊರೆಯವರಲ್ಲಿ ಒಂದು ಮಾತು. ಮಾಂಸದಂಗಡಿಯ ಉಳಿಕೆ ನದಿ ದಂಡೆಗೆ ಬೀಳದಂತೆ ಅಂಗಡಿಯವರನ್ನೂ ಪಾಲಿಕೆಯನ್ನೂ ಕೇಳೋಣ. ಮನೆಯ ಕಸವನ್ನು ಆಟೊ ಟಿಪ್ಪರ್‌ಗೇ ಕೊಡೋಣ. ಕಿವಿಗೆ ಕಚ್ಚಿಲ್ಲದ ನಾಯಿಗಳಿಗೆ ಸಂತಾನಹರಣ, ರೇಬೀಸ್ ಲಸಿಕೆ ಆಗುವವರೆಗೆ ಬೆನ್ನು ಬಿಡದಿರೋಣ. ಚಿರತೆ ಕಂಡರೆ ಮೊಬೈಲು ಹಿಡಿದು ಗುಂಪುಗೂಡಬೇಡಿ, ಅಟ್ಟಬೇಡಿ, ಅದಕ್ಕೆ ಹೋಗಲು ದಾರಿ ಬಿಟ್ಟು ಮಕ್ಕಳನ್ನು ಒಳಗೆ ಕರೆದುಕೊಳ್ಳಿ. ಆಮೇಲೆ ಅರಣ್ಯ ಇಲಾಖೆಯ ಸಹಾಯವಾಣಿಗೆ ಕರೆ ಮಾಡಿ. ಸಂಖ್ಯೆ 1926.

ಇಂತಿ ನಿನ್ನ ಹಿತ ಬಯಸುವ,
ನಾಯಂಡಹಳ್ಳಿಯ ನಿವಾಸಿ