ಇಪ್ಪತ್ತೈದೋ, ಮೂವತ್ತೈದೋ

ನಮ್ಮ ಬಡಾವಣೆಯಲ್ಲಿ ಯಾರು ಏನು ಕೊಳ್ಳಬೇಕಿದ್ದರೂ ಮೊದಲು ರಾಯರನ್ನು ಕೇಳುತ್ತಾರೆ. ಯುಪಿಎಸ್ ಬ್ಯಾಟರಿ, ಸಂಪಿನ ಮೋಟರು, ಸೋಲಾರ್ ಹೀಟರು, ಮಗಳಿಗೆ ಸ್ಕೂಟರು, ಯಾವುದೇ ಇರಲಿ, ರಾಯರು ಎರಡು ಪ್ರಶ್ನೆ ಕೇಳಿ ಒಂದು ಹೆಸರು ಹೇಳಿ ಮುಗಿಸುತ್ತಾರೆ. ಆ ಹೆಸರು ಸರಿಯಾಗಿಯೂ ಇರುತ್ತದೆ. ದೊಡ್ಡ ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಇನ್ನೊಬ್ಬರು ಮಾಡಿದ್ದನ್ನು ಅಳೆದು, ಮುದ್ರೆ ಒತ್ತಿ ಅಥವಾ ಒತ್ತದೆ ಕಳಿಸುವುದೇ ಅವರ ಜೀವಮಾನದ ಕಸುಬು. ತೊಂದರೆ ಏನೆಂದರೆ, ಸಾಮಾನು ತಮ್ಮದೇ ಆದಾಗ ಮುದ್ರೆ ಬೀಳುವುದಿಲ್ಲ.

ಸದ್ಯಕ್ಕೆ ಮುದ್ರೆಗೆ ಕಾದಿರುವುದು ಒಂದು ವಿಮಾನ. ಡಲ್ಲಾಸ್‌ನಲ್ಲಿರುವ ಮಗ, ಅಪ್ಪನಿಗೆ ಹೊತ್ತು ಹೋಗಲಿ ಅಂತ ತಂದುಕೊಟ್ಟ ರಿಂಗ್‌ಮಾಸ್ಟರ್ ಕಿಟ್ಟು. 1950ರ ಆಸುಪಾಸಿನಿಂದ ಅಮೆರಿಕದ ಹುಡುಗರು ಕಟ್ಟಿ, ಹಾರಿಸಿ, ನೆಲಕ್ಕೆ ಕುಕ್ಕಿ, ಮತ್ತೆ ಕಟ್ಟಿ ಬೆಳೆದದ್ದು ಇದರ ಮೇಲೇ. ಬಾಲ್ಸಾ ಮರ, ಚಪ್ಪಟೆ ಹಲಗೆಯಂಥ ಮೈ, ಮೂರೂವರೆ ಅಡಿ ರೆಕ್ಕೆ. ರೇಡಿಯೋ ಗೀಡಿಯೋ ಏನೂ ಇಲ್ಲ. ಅರವತ್ತಡಿ ಉದ್ದದ ಎರಡು ಉಕ್ಕಿನ ತಂತಿಯ ಒಂದು ತುದಿ ವಿಮಾನದಲ್ಲಿ, ಇನ್ನೊಂದು ತುದಿ ಹಾರಿಸುವವನ ಕೈಹಿಡಿಯಲ್ಲಿ. ವಿಮಾನ ಸುತ್ತುತ್ತದೆ, ಅದರ ಜೊತೆ ಆತನೂ ಸುತ್ತುತ್ತಾನೆ. ಹಿಡಿಯನ್ನು ಹಿಂದಕ್ಕೆ ಬಾಗಿಸಿದರೆ ಏರುತ್ತದೆ, ಮುಂದಕ್ಕೆ ಬಾಗಿಸಿದರೆ ಇಳಿಯುತ್ತದೆ. ತಲೆ ತಿರುಗಿದರೆ ಅದು ಆತನ ಪಾಡು. ಈ ಆಟವನ್ನು ಊರೂರಿಗೆ ಹಬ್ಬಿಸಿದ ಪೋರ್ಟ್‌ಲೆಂಡಿನ ಜಿಮ್ ವಾಕರ್ ಕೈಗೊಂದರಂತೆ ಎರಡು, ತಲೆಗೆ ಕಟ್ಟಿಕೊಂಡ ಮೂರನೆಯದೊಂದು, ಹೀಗೆ ಮೂರು ವಿಮಾನ ಒಟ್ಟಿಗೆ ಹಾರಿಸಿ ತೋರಿಸುತ್ತಿದ್ದನಂತೆ. ರಾಯರಿಗೆ ಆತನ ಮೇಲೆ ಅಷ್ಟೇನೂ ಗೌರವವಿಲ್ಲ. "ಮೂರು ಎಂಜಿನ್ನನ್ನೂ ಹೇಗೆ ಆರಿಸಿದ ಅಂತ ಯಾರೂ ಬರೆದಿಟ್ಟಿಲ್ಲ ನೋಡಿ" ಎನ್ನುತ್ತಾರೆ.

ವಿಮಾನ ಕಟ್ಟಿ ಮುಗಿದು ಬಹಳ ಕಾಲವಾಯಿತು. ಬಣ್ಣವೂ ಆಗಿದೆ, ಕೆಂಪು-ಹಳದಿ, ರಾಜ್ಯೋತ್ಸವಕ್ಕೆ ಹೊರಟ ಹಾಗಿದೆ. ಮೂತಿ ಮಾತ್ರ ಬೋಳು.

ಅಲ್ಲಿ ಕೂರಬೇಕಾದ ಎಂಜಿನ್ನು ಯಾವುದು ಅಂತ ಕೇಳಿದವರು ಕಾಫಿ ಕುಡಿಯದೆ ಎದ್ದದ್ದಿಲ್ಲ. ನಾನೂ ಕೇಳಿದೆ.

"ಮೊದಲು ಸಿಸಿ ತಗೊಳ್ಳಿ," ಅಂತ ರಾಯರು ಕನ್ನಡಕ ಹಾಕಿಕೊಂಡರು. "ಕಾಕ್ಸ್ ಬೇಬ್ ಬೀ ಅಂತಿದೆ. ಪಾಯಿಂಟ್ ಸೊನ್ನೆ ನಾಲ್ಕು ಒಂಬತ್ತು ಘನ ಇಂಚು, ಅಂದರೆ 0.8 ಸಿಸಿ. ಮುದ್ದಾಗಿರುತ್ತೆ. ಇಷ್ಟು ದೊಡ್ಡ ವಿಮಾನಕ್ಕೆ ಹಾಕಿದರೆ ತಂತಿ ಬಿಗಿಯಾಗೇ ನಿಲ್ಲಲ್ಲ. ತಂತಿ ಸಡಿಲ ಆಯ್ತೋ, ಹಿಡಿತ ಹೋಯ್ತು. ಇನ್ನು ಹದಿನೈದು, ಅಂದರೆ ಘನ ಇಂಚಿನ ನೂರರಲ್ಲಿ ಹದಿನೈದು ಪಾಲು, ಎರಡೂವರೆ ಸಿಸಿ. ನೇರ ಹಾರುತ್ತೆ, ಲಾಗ ಹಾಕು ಅಂದರೆ ಏದುಸಿರು. ಉಳಿದದ್ದು ಇಪ್ಪತ್ತೈದೋ ಮೂವತ್ತೈದೋ. ಇಪ್ಪತ್ತೈದು ಸಾಕು ಅಂತಾರೆ ಅಮೆರಿಕದವರು. ಅವರಿಗೇನು, ಸಮುದ್ರದ ಮಟ್ಟದಲ್ಲಿ ಕೂತು ಹೇಳ್ತಾರೆ. ಬೆಂಗಳೂರು 900 ಮೀಟರಿಗಿಂತ ಮೇಲಿದೆ ಸ್ವಾಮಿ! ಗಾಳಿ ತೆಳು. ಎಂಜಿನ್ನಿನ ಶಕ್ತಿಯಲ್ಲಿ ನೂರಕ್ಕೆ ಎಂಟೋ ಹತ್ತೋ ಇಲ್ಲೇ ಖೋತಾ."

"ಹಾಗಾದರೆ ಮೂವತ್ತೈದು."

"ಆಯ್ತು. ಮೂವತ್ತೈದು ಅಂದರೆ ಫಾಕ್ಸ್. ಅದು ಹೊರಟದ್ದು 1940ರ ದಶಕದ ಕೊನೆಯಲ್ಲಿ. ಹಗುರ. ಈ ವಿಮಾನಕ್ಕೂ ಅದಕ್ಕೂ ಹಳೇ ನಂಟು. ಆದರೆ ನಡುಗುತ್ತೆ. ಇದರ ಮೈ ಬರೀ ಹಲಗೆ. ಹಲಗೆ ನಡುಗಿದರೆ ಟ್ಯಾಂಕಿನೊಳಗೆ ಎಣ್ಣೆ ನೊರೆ ಬರುತ್ತೆ, ನೊರೆ ಬಂದರೆ ಎಂಜಿನ್ ಒಣಗುತ್ತೆ. ಮೇಲಾಗಿ ಚೂಪಾಗಿ ಲಾಗ ಹಾಕಿದಾಗ ತೇಗುತ್ತೆ. ಫಾಕ್ಸಿನ ತೇಗು ಜಗತ್ಪ್ರಸಿದ್ಧ."

"ಹಾಗಾದರೆ ಇಪ್ಪತ್ತೈದು," ಅಂದೆ.

"ಗಾಳಿ ತೆಳು ಅಂದೆನಲ್ಲ."

ಇಲ್ಲೊಂದು ಮಾತು ಹೇಳಬೇಕು. ರಾಯರು ಹೇಳುವ ಒಂದೊಂದು ಆಕ್ಷೇಪವೂ ನಿಜ. ಕಾರಣವಿಲ್ಲದೆ ಮುಂದೂಡುವ ಸೋಮಾರಿಯನ್ನು ನಾಲ್ಕು ಜನ ಸೇರಿ ಬಯ್ದು ದಾರಿಗೆ ತರಬಹುದು. ಪ್ರತಿ ಸಲವೂ ಸರಿಯಾದ ಕಾರಣ ಕೊಟ್ಟು ಮುಂದೂಡುವವರನ್ನು ಏನು ಮಾಡುವುದು?

ಅವರಿಗೆ ಬೇಕಾದದ್ದು ಒಂದು ಸದ್ದು. ಅದೂ ವಿಚಿತ್ರ ಅಲ್ಲ, ಈ ಆಟ ಬಲ್ಲವರೆಲ್ಲ ಅದಕ್ಕೇ ಕಾತರಿಸುತ್ತಾರೆ. ಇವೆಲ್ಲ ಟೂ-ಸ್ಟ್ರೋಕ್ ಎಂಜಿನ್ನುಗಳು. ಸೂಜಿ ಸ್ವಲ್ಪ ತೆರೆದು ಇಂಧನ ಹೆಚ್ಚು ಬಿಟ್ಟರೆ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಮಾತ್ರ ಉರಿಯುತ್ತವೆ, ಗುಳುಗುಳು ಅನ್ನುತ್ತವೆ. ಮೈಸೂರಿನ ಜಾವಾ ಬೈಕನ್ನು ಚಾಮುಂಡಿ ಬೆಟ್ಟದಿಂದ ಆಕ್ಸಿಲರೇಟರ್ ಬಿಟ್ಟು ಇಳಿಸಿದವರಿಗೆ ಆ ಸದ್ದು ಗೊತ್ತು. ವಿಮಾನ ಮಟ್ಟಸ ಹಾರುವಾಗ ಎಂಜಿನ್ನು ಹಾಗೇ ಇರಬೇಕು. ಮೂತಿ ಮೇಲೆತ್ತಿದೊಡನೆ ತಾನಾಗಿ ಪೂರ್ತಿ ಉರಿದು ಬಲ ಕೊಡಬೇಕು. ಇಳಿಯುವಾಗ ಮತ್ತೆ ಗುಳುಗುಳು. ಹಾರಿಸುವವನ ಕೈಯಲ್ಲಿ ಆಕ್ಸಿಲರೇಟರ್ ಇಲ್ಲದಿದ್ದರೂ ಏರುವಾಗ ವೇಗ ಬಿಡದೆ, ಇಳಿಯುವಾಗ ಹುಚ್ಚೆದ್ದು ಓಡದೆ ಇರುವುದು ಇದರಿಂದಲೇ. ರಾಯರು ಈ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ. ಕಣ್ಣು ಮುಚ್ಚಿಕೊಂಡು, ಬಲಗೈ ಬಾಗಿಸುತ್ತಾ, ಸೋಫಾದ ಮೇಲೆ ಒಂದಿಡೀ ಲಾಗ. ಎಂಜಿನ್ ಇರುವವರ ಹತ್ತಿರವೂ ಇಷ್ಟು ಚೆನ್ನಾಗಿ ಕೇಳಿದವರಿಲ್ಲ.

ಮೇಲಿನ ಮನೆಯ ಬಾಡಿಗೆದಾರರ ಮಗ ಎನ್‌ಸಿಸಿ ಏರ್ ವಿಂಗಿನ ಕೆಡೆಟ್ಟು. "ಅಂಕಲ್, ಈಗೆಲ್ಲ ಎಲೆಕ್ಟ್ರಿಕ್. ಬ್ಯಾಟರಿ ಸಿಕ್ಕಿಸಿದರೆ ಆಯ್ತು. ವರ್ಲ್ಡ್ ಚಾಂಪಿಯನ್‌ಶಿಪ್ಪಲ್ಲೂ ಹಾಕ್ತಾರೆ" ಅಂತ ಒಮ್ಮೆ ಬಾಯಿ ಬಿಟ್ಟ.

"ಮಿಕ್ಸಿ ಸದ್ದು ಕೇಳಬೇಕು ಅಂದರೆ ಅಡುಗೆಮನೆಗೆ ಹೋಗ್ತೀನಿ ಕಣೋ. ಚಟ್ನಿಯಾದರೂ ಸಿಗುತ್ತೆ," ಅಂದರು ರಾಯರು.

ಅಡುಗೆಮನೆಯ ವಿಷಯ ಅವರು ಎತ್ತಬಾರದಿತ್ತು. ಕಾರ್ಖಾನೆಯ ಹಳೇ ಸ್ನೇಹಿತರೊಬ್ಬರು ಯಾವ ಕಾಲದ್ದೋ ಒಂದು ಜಪಾನಿನ ಎನ್ಯಾ ಹದಿನೈದನ್ನು ಇವರ ಕೈಗೆ ಹಾಕಿದ್ದರು. ಇಂಧನದಲ್ಲಿರುವ ಹರಳೆಣ್ಣೆ ವರ್ಷಗಟ್ಟಲೆ ಒಳಗೇ ಗಟ್ಟಿಯಾಗಿ, ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ, ಪಿಸ್ಟನ್ ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ಇಂಥದ್ದಕ್ಕೆ ಮದ್ದು, ಕಾರಿನ ರೇಡಿಯೇಟರಿಗೆ ಹಾಕುವ ಕೂಲೆಂಟಿನಲ್ಲಿ ಸಣ್ಣ ಉರಿಯ ಮೇಲೆ ಬೇಯಿಸುವುದು. ಮದ್ದೇನೋ ಸರಿ. ಪಾತ್ರೆ ಇಡ್ಲಿಯದು. ಹೆಂಡತಿ ತಂಗಿಯ ಮನೆಯಿಂದ ಒಂದು ಬಸ್ಸು ಮೊದಲೇ ಬಂದುಬಿಟ್ಟರು.

"ರೀ, ಇದೇನ್ರೀ ಒಲೆ ಮೇಲೆ ಹಸಿರುಹಸಿರು?"

"ಎಂಜಿನ್ನು."

"ಮುಟ್ಟಬಹುದಾ?"

"ಮುಟ್ಟಬೇಡ, ವಿಷ."

ವಿಷವೇ, ಅದರಲ್ಲಿ ಉತ್ಪ್ರೇಕ್ಷೆ ಇಲ್ಲ. ಆಕೆ ಕೂಗಾಡಲಿಲ್ಲ. ಬಟ್ಟೆಯಲ್ಲಿ ಹಿಡಿದು ಪಾತ್ರೆ ಸಮೇತ ಹಿತ್ತಲಿಗೆ ಒಯ್ದಿಟ್ಟು, "ಇನ್ನು ಇದರಲ್ಲಿ ವಿಮಾನಾನೇ ಬೇಯಿಸಿಕೊಳ್ಳಿ. ಹೊಸ ಪಾತ್ರೆ ಯಾವುದು ತರಬೇಕು ಅಂತ ನಾನೇ ಆರಿಸ್ತೀನಿ, ನೀವು ಬೇಡ" ಅಂದರು. ಅದೇ ಸಂಜೆ ತಂದೂ ಬಿಟ್ಟರು. ಅಂಗಡಿಗೆ ಹೋಗಿ, ನೋಡಿ, ದುಡ್ಡು ಕೊಟ್ಟು, ಕೈಯಲ್ಲಿ ಹಿಡಿದು ಬರುವ ಈ ವಿಧಾನವನ್ನು ರಾಯರು ಸ್ವಲ್ಪ ಭಯದಿಂದಲೇ ನೋಡಿದರು.

ಬೆಂದ ಎಂಜಿನ್ನು ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಪ್ರೊಪೆಲರ್ ತಟ್ಟಿದರೆ ಟಕ್ ಟಕ್ ಅಂತ ಒಳ್ಳೇ ಒತ್ತಡ. "ಆದರೆ ಹದಿನೈದು ನಿಮ್ಮ ವಿಮಾನಕ್ಕೆ ಸಾಲದು ಅಂತ ಮೊದಲೇ ಗೊತ್ತಿತ್ತಲ್ಲ?" ಅಂದೆ. "ಗೊತ್ತಿತ್ತು. ಕೈಯಾರೆ ನೋಡಿ ತಿರಸ್ಕರಿಸೋದೇ ಬೇರೆ" ಅಂದರು. ಅಷ್ಟರಲ್ಲಿ ಕೆಡೆಟ್ಟು ಇಳಿದು ಬಂದ. ತನ್ನದೊಂದು ಎರಡೂವರೆ ಅಡಿ ರೆಕ್ಕೆಯ ಕಲಿಕೆಯ ವಿಮಾನವಿದೆ, ಏನು ಹಾಕಲಿ ಅಂತ ಕೇಳಿದ. "ಇದೇ. ಎಂಟು-ನಾಲ್ಕರ ಪ್ರೊಪೆಲರ್. ನೈಟ್ರೋ ಬೇಡ. ಹರಳೆಣ್ಣೆ ಕಾಲುಭಾಗ ಹಾಕು, ಹಳೇ ಎಂಜಿನ್ನು ಅದನ್ನೇ ಕುಡಿದು ಬೆಳೆದಿದೆ. ಕರೆಂಟ್ ಕಂಬದ ಹತ್ತಿರ ಹಾರಿಸಬೇಡ, ನಿನ್ನ ಕೈಯಲ್ಲಿರೋದು ಉಕ್ಕಿನ ತಂತಿ. ಹೋಗು," ಅಂದರು. ಮುದ್ರೆ ಬಿತ್ತು. ಒಂದು ನಿಮಿಷ ಹಿಡಿದಿರಲಿಕ್ಕಿಲ್ಲ. ಮುಂದಿನ ಭಾನುವಾರ ಹುಡುಗ ಕಾಲೇಜಿನ ಮೈದಾನದಲ್ಲಿ ಗಿರಗಿರ ಸುತ್ತಿ, ಎಂಜಿನ್ ನಿಂತ ಮೇಲೂ ಇನ್ನೊಂದು ಸುತ್ತು ತಾನೊಬ್ಬನೇ ಸುತ್ತಿ ಕುಳಿತುಕೊಂಡ.

ಡೀಸೆಲ್ ವಿಷಯ ನಾನು ಉದ್ದ ಮಾಡುವುದಿಲ್ಲ, ರಾಯರು ಮಾಡಿದರು. ಪ್ಲಗ್ಗೇ ಬೇಡದ ಈ ಪುಟಾಣಿ ಎಂಜಿನ್ನುಗಳಿಗೆ ಈಥರ್, ಸೀಮೆಎಣ್ಣೆ, ಹರಳೆಣ್ಣೆ ಹೆಚ್ಚುಕಡಿಮೆ ಮೂರು ಸಮಪಾಲು. ಈಥರ್ ಯಾಕೆ ಅಂತ ರಸಾಯನದ ಅಂಗಡಿಯವನು ಕೇಳಿದ. ವಿಮಾನಕ್ಕೆ ಅಂದರು. ಆಮೇಲೆ ಆತ ಏನೂ ಕೇಳಲಿಲ್ಲ, ಏನೂ ಕೊಡಲೂ ಇಲ್ಲ.

ಕೊನೆಗೆ ಸಹನೆ ಕೆಟ್ಟದ್ದು ಡಲ್ಲಾಸಿನಲ್ಲಿ. ವಾರವಾರವೂ ಫೋನಿನಲ್ಲಿ ಇಪ್ಪತ್ತೈದು-ಮೂವತ್ತೈದು ಕೇಳಿ ಕೇಳಿ ಸಾಕಾದ ಮಗ, ಯಾರೋ ಅಜ್ಜ ಪೆಟ್ಟಿಗೆ ಒಡೆಯದೆ ಇಟ್ಟಿದ್ದ ಒಂದು ಫಾಕ್ಸ್ ಮೂವತ್ತೈದನ್ನು ಕೊಂಡು, ಬರುವವರ ಕೈಯಲ್ಲಿ ಕಳಿಸಿಯೇ ಬಿಟ್ಟ. ಸುದ್ದಿ ಕೇಳಿ ನಾನು ಹೋದಾಗ ರಾಯರು ವರ್ನಿಯರ್ ಹಿಡಿದು ಕೂತಿದ್ದರು. ಎಂಜಿನ್ನಿನ ಕಿವಿಗಳನ್ನು ಅಳೆದರು. ತೂತುಗಳು ಮರದ ಪಟ್ಟಿಗೆ ಸರಿಯಾಗಿ ಕೂತವು. ತಕ್ಕಡಿಯಲ್ಲಿಟ್ಟರು, ತೂಕ ಸರಿ. ವಿಮಾನವನ್ನು ರೆಕ್ಕೆಯಡಿ ಎರಡು ಬೆರಳಲ್ಲಿ ಎತ್ತಿದರು, ಮೂತಿ ತೂಗಬೇಕಾದಷ್ಟೇ ಮುಂದಕ್ಕೆ ತೂಗಿತು. ಆಕ್ಷೇಪ ಎತ್ತಲು ಏನೂ ಸಿಗದೆ ಅವರ ಮುಖ ಬಾಡಿದ್ದನ್ನು ನಾನು ಮೊದಲ ಸಲ ನೋಡಿದೆ.

"ಅಂತೂ ಮುಗೀತಲ್ಲ ರಾಯರೇ, ಯಾವಾಗ ಹಾರಾಟ?"

ರಾಯರು ವರ್ನಿಯರ್ ಕೆಳಗಿಟ್ಟರು. ಮುಖ ನಿಧಾನಕ್ಕೆ ಅರಳಿತು.

"ಪ್ರೊಪೆಲರ್ ಇದೆಯಲ್ಲ ಇನ್ನೂ. ವ್ಯಾಸ ಹತ್ತು ಇಂಚು, ಅದರಲ್ಲಿ ತಕರಾರಿಲ್ಲ. ಆದರೆ ಪಿಚ್ಚು ಐದೋ ಆರೋ? ಮರದ್ದೋ ನೈಲಾನೋ? ನೀವೇನಂತೀರಿ?"

ಒಳಗಿನಿಂದ ಅವರ ಹೆಂಡತಿ ನನಗೆ ಬೇಡ ಬೇಡ ಅಂತ ಕೈಸನ್ನೆ ಮಾಡುತ್ತಿದ್ದರು. "ಹತ್ತು-ಆರು, ಮರದ್ದು" ಅಂದುಬಿಟ್ಟೆ.

ರಾಯರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. "ಯಾಕೆ?"