ಗುರಿಹಲಗೆಯನ್ನು ಇನ್ನೊಂಚೂರು ಪಕ್ಕಕ್ಕೆ ಸರಿಸಿ, ಸ್ವಾಮಿ

ನ್ಯಾಷನಲ್ ರೈಫಲ್ ಅಸೋಸಿಯೇಷನ್ ಆಫ್ ಇಂಡಿಯಾದ ಮಾನ್ಯ ಪದಾಧಿಕಾರಿಗಳ ಸನ್ನಿಧಿಗೆ,

ಬೆಂಗಳೂರಿನಿಂದ ಒಬ್ಬ ಶೂಟರ್ ಹುಡುಗಿಯ ಸೋದರಮಾವ ಮಾಡುವ ನಮಸ್ಕಾರಗಳು.

ಇದು ದೂರಲ್ಲ. ದೂರು ಕೊಡಬೇಕೆಂದರೆ ನಿಗದಿತ ನಮೂನೆ, ರಾಜ್ಯ ಸಂಸ್ಥೆಯ ಶಿಫಾರಸು, ಮೂರು ಪ್ರತಿ ಜೆರಾಕ್ಸು ಎಲ್ಲ ಬೇಕಾದೀತು. ಹೊಗಳುವುದಕ್ಕೆ ಅಂಥ ಕಟ್ಟುಪಾಡು ಇರಲಾರದೆಂದು ನಂಬಿ, ಹೊಗಳುವುದಕ್ಕೇ ಕೂತಿದ್ದೇನೆ.

ನನ್ನ ಅಕ್ಕನ ಮಗಳು ಹತ್ತು ಮೀಟರ್ ಏರ್ ರೈಫಲ್ ಹೊಡೆಯುತ್ತಾಳೆ. ನಮ್ಮ ಬಡಾವಣೆಯ ಬೇಕರಿಯ ಮೇಲಿನ ಮಹಡಿಯಲ್ಲೊಂದು ಖಾಸಗಿ ರೇಂಜ್ ಇದೆ. ಕೆಳಗಿನಿಂದ ಬೆಣ್ಣೆ ಬಿಸ್ಕತ್ತಿನ ಘಮ, ಮೇಲೆ ಟಪ್, ಟಪ್ ಸದ್ದು. ಕಾಗದದ ಟಾರ್ಗೆಟ್ಟನ್ನು ದಾರದ ರಾಟೆಗೆ ಸಿಕ್ಕಿಸಿ ಮೋಟಾರಿನ ಗುಂಡಿ ಒತ್ತಿದರೆ ಅದು ತೂರಾಡುತ್ತ ಹೋಗಿ ಗೋಡೆಯ ಹತ್ತಿರ ನಿಲ್ಲುತ್ತದೆ. ಅದರ ನಡುವಿನ ಹತ್ತಂಕದ ಚುಕ್ಕಿಯ ಅಗಲ ಅರ್ಧ ಮಿಲಿಮೀಟರು. ಹಾರುವ ಪೆಲೆಟ್ಟೇ ನಾಲ್ಕೂವರೆ ಮಿಲಿಮೀಟರು ದಪ್ಪ. ಸ್ಪರ್ಧೆಯಲ್ಲಾದರೆ 75 ನಿಮಿಷದಲ್ಲಿ 60 ಹೊಡೆತ. ದಪ್ಪ ಕ್ಯಾನ್ವಾಸ್ ಜಾಕೆಟ್ಟಿನೊಳಗೆ ಬೆವರುತ್ತ, ಎದೆಬಡಿತ ತಗ್ಗುವ ತನಕ ಕಾದು ಅವಳು ಟ್ರಿಗರ್ ಒತ್ತುತ್ತಾಳೆ. ಎದೆಬಡಿತ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ಶೂಟರ್‌ಗಳಿಗೆ ನಿಷಿದ್ಧ. ಶೂಟರ್‌ಗಳ ಅಪ್ಪ ಅಮ್ಮಂದಿರಿಗೆ ನಿಷೇಧವಿಲ್ಲ, ಪುಣ್ಯಕ್ಕೆ.

ಆದರೆ ಆ ಚುಕ್ಕಿಗೆ ಒಂದು ದೊಡ್ಡ ದೋಷವಿದೆ. ಅದು ಅಲುಗುವುದಿಲ್ಲ. ನಿನ್ನೆ ಎಲ್ಲಿತ್ತೋ ಇವತ್ತೂ ಅಲ್ಲೇ ಇರುತ್ತದೆ. ಇಷ್ಟು ನೀರಸವಾದ ಆಟವನ್ನು ರೋಚಕಗೊಳಿಸಲೆಂದೇ ಅಲ್ಲವೇ ತಾವು ಆಯ್ಕೆ ನೀತಿ ಎಂಬುದನ್ನು ಕಂಡುಹಿಡಿದಿದ್ದು! ಟೋಕಿಯೋ ಒಲಿಂಪಿಕ್ಸಿಗೆ ಹೋಗುವಾಗ ಹಿಂದಿನ ಸ್ಪರ್ಧೆಗಳ ಸರಾಸರಿಯ ಒಂದು ಲೆಕ್ಕ. ಪ್ಯಾರಿಸ್‌ಗೆ ಹೋಗುವಾಗ ದೆಹಲಿಯಲ್ಲಿ, ಭೋಪಾಲದಲ್ಲಿ ನಾಲ್ಕು ಟ್ರಯಲ್‌ಗಳ ಇನ್ನೊಂದು ಲೆಕ್ಕ. 2022ರಲ್ಲಿ ಕೈರೋದಲ್ಲಿ ವಿಶ್ವ ಚಾಂಪಿಯನ್ ಆಗಿ ಪ್ಯಾರಿಸ್‌ನ ಕೋಟಾ ತಂದುಕೊಟ್ಟ ರುದ್ರಾಂಕ್ಷ್ ಪಾಟೀಲ್ ಪ್ಯಾರಿಸ್ ನೋಡಲಿಲ್ಲ. ಕೋಟಾ ದೇಶದ್ದು, ಹುಡುಗನದ್ದಲ್ಲ. ಅಂತರರಾಷ್ಟ್ರೀಯ ನಿಯಮವೂ ಅದೇ. ಸೀಟು ಕಾಯ್ದಿರಿಸಿದವನು ಇಳಿದು ಬೇರೊಬ್ಬ ಕೂರುವುದು ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೂ ಉಂಟು, ಜಗಳ ಮಾತ್ರ ಸ್ವಲ್ಪ ಜೋರು.

ತಮಾಷೆ ಬದಿಗಿಟ್ಟು ಒಂದು ಮಾತು. ಟ್ರಯಲ್ ನಡೆಸಿದ್ದು ತಪ್ಪೆಂದು ನಾನು ಹೇಳಲಾರೆ. ಎರಡು ವರ್ಷದ ಹಿಂದಿನ ಚಿನ್ನಕ್ಕಿಂತ ಈ ತಿಂಗಳ ಕೈ ಮುಖ್ಯ ಎನ್ನುವುದರಲ್ಲಿ ನ್ಯಾಯವಿದೆ. ಅನ್ಯಾಯ ಇರುವುದು ಪ್ರತಿ ಒಲಿಂಪಿಕ್ಸಿಗೂ ಹೊಸ ಪುಸ್ತಕ ಹೊಲಿಯುವುದರಲ್ಲಿ. ನಾಲ್ಕು ವರ್ಷ ಬೆವರು ಸುರಿಸುವ ಮಗುವಿಗೆ ಯಾವ ಪರೀಕ್ಷೆಗೆ ಓದುತ್ತಿದ್ದೇನೆ ಎಂಬುದಾದರೂ ಗೊತ್ತಿರಬೇಡವೇ? ಸರಿ, ಮತ್ತೆ ಹೊಗಳಿಕೆಗೆ ಬರುತ್ತೇನೆ.

ತಮ್ಮ ವಂಶಾವಳಿ ದೊಡ್ಡದು. 1951ರಲ್ಲಿ ಸಂಸ್ಥೆ ಹುಟ್ಟಿದಾಗ ಮೊದಲ ಅಧ್ಯಕ್ಷರು ಗಣೇಶ ವಾಸುದೇವ ಮಾವಳಂಕರ್, ಮರುವರ್ಷ ಲೋಕಸಭೆಯ ಮೊದಲ ಸ್ಪೀಕರ್ ಆದವರು. ಸದನದಲ್ಲಿ ಎಲ್ಲರನ್ನೂ ಸುಮ್ಮನಿರಿಸುವ ಕೆಲಸ, ರೇಂಜಿನಲ್ಲಿ ಎಲ್ಲರೂ ಸುಮ್ಮನಿರಬೇಕಾದ ಆಟ. ಅದಕ್ಕಿಂತ ಸರಿಯಾದ ನೇಮಕ ಇನ್ನಾವುದಿತ್ತು? ಆಮೇಲೆ ಅರಮನೆಗಳ ಕಾಲ. ಬಿಕಾನೇರಿನ ಮಹಾರಾಜ ಕರಣಿ ಸಿಂಗ್ ಐದು ಒಲಿಂಪಿಕ್ಸಿಗೆ ಹೋದರು, 1962ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ತಂದರು; ದೆಹಲಿಯ ತುಘಲಕಾಬಾದ್ ರೇಂಜಿಗೆ ಅವರ ಹೆಸರೇ ಇದೆ. ಮಹಾರಾಜರಿಗೆ ಗುಂಡಿನ ಬೆಲೆ ಕೇಳುವ ಅಭ್ಯಾಸ ಇರಲಿಲ್ಲ, ಸಂಸ್ಥೆಗೂ ಹೇಳುವ ಪ್ರಮೇಯ ಬರಲಿಲ್ಲ.

ಈಗ ನೋಡಿ, ಆಟಕ್ಕೆ ಬುದ್ಧಿಯೇ ಇಲ್ಲ. ಅರಮನೆ ಬಿಟ್ಟು ಹಳ್ಳಿಗೆ ಹೋಗಿ ಕೂತಿದೆ. ಮನು ಭಾಕರ್ ಹರಿಯಾಣದ ಝಜ್ಜರ್ ಜಿಲ್ಲೆಯ ಗೋರಿಯಾದವಳು. ಸರಬ್ಜೋತ್ ಸಿಂಗ್ ಅಂಬಾಲದ ಹತ್ತಿರದ ಧೀನ್ ಎಂಬ ಹಳ್ಳಿಯ ರೈತನ ಮಗ. ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿಯವನು, ಆಗ ರೈಲಿನಲ್ಲಿ ಟಿಕೆಟ್ ಕೇಳುವ ಕೆಲಸದಲ್ಲಿದ್ದ. 2024ರಲ್ಲಿ ಪ್ಯಾರಿಸ್‌ನಿಂದ ಈ ಮೂವರೂ ಸೇರಿ ಮೂರು ಕಂಚು ತಂದರು. ಇಂಥವರು ಗುಂಡಿನ ಬೆಲೆ ಕೇಳಿಯೇ ಕೇಳುತ್ತಾರೆ. ಒಂದು ಒಳ್ಳೆಯ ಏರ್ ರೈಫಲ್ಲಿಗೆ ಲಕ್ಷಗಳು ಬೇಕು, ಬಂದೂಕೂ ಪೆಲೆಟ್ಟೂ ಬರಬೇಕಾದದ್ದು ಬಹುಪಾಲು ಜರ್ಮನಿಯಿಂದ.

ಅಲ್ಲೂ ತಾವು ದಾರಿ ಮಾಡಿಟ್ಟಿದ್ದೀರಿ. ರಾಷ್ಟ್ರೀಯ ಸ್ಪರ್ಧೆಯಲ್ಲಿ ನಿಗದಿಪಡಿಸಿದ ಅಂಕ ಬಂದರೆ ‘ಹೆಸರಾಂತ ಶೂಟರ್’ ಎಂಬ ಪಟ್ಟ. ಪಟ್ಟ ಸಿಕ್ಕರೆ ಆಮದಿಗೆ ರಿಯಾಯಿತಿ, ಗುಂಡುಗಳ ಕೋಟಾ, ಲೈಸೆನ್ಸಿಗೆ ಅನುಕೂಲ. ಅಂಕ ಬರಬೇಕಾದರೆ ಒಳ್ಳೆಯ ಬಂದೂಕು ಬೇಕಲ್ಲ ಎಂದು ಅಕ್ಕ ಕೇಳಿದಳು. ‘ಅಕ್ಕಾ, ಹುಚ್ಚು ಬಿಡದೆ ಮದುವೆಯಾಗೋದಿಲ್ಲ, ಮದುವೆಯಾಗದೆ ಹುಚ್ಚು ಬಿಡೋದಿಲ್ಲ’ ಎಂದೆ. ಅವಳು ಆ ತಿಂಗಳ ಚೀಟಿ ಎತ್ತಿದಳು.

ಬಂದೂಕಿನ ಜೊತೆ ಪ್ರಯಾಣವೂ ಒಂದು ಕ್ರೀಡೆಯೇ. ವಿಮಾನದ ಕೌಂಟರಿನಲ್ಲಿ ಉದ್ದನೆಯ ಪೆಟ್ಟಿಗೆ ಇಟ್ಟ ತಕ್ಷಣ ಅಲ್ಲಿದ್ದ ಯುವಕನ ಮುಖ ಬಿಳಿಚಿತು. ಮೇಲಿನವರನ್ನು ಕರೆಸಿದ, ಅವರು ಭದ್ರತೆಯವರನ್ನು ಕರೆಸಿದರು. ಪತ್ರ, ಪತ್ರದ ನಕಲು, ನಕಲಿಗೆ ಸಹಿ. ಕೊನೆಗೆ ಒಬ್ಬ ಪೇದೆ ಬಗ್ಗಿ ನೋಡಿ, ‘ಏನವ್ವಾ, ಇದ್ರಲ್ಲಿ ಹಕ್ಕಿ ಬೀಳ್ತಾವಾ?’ ಎಂದು ಕೇಳಿದ. ‘ಇಲ್ಲ ಅಂಕಲ್, ಪೇಪರ್ ಮಾತ್ರ’ ಎಂದಳು ಹುಡುಗಿ. ಪೇದೆಗೆ ನಿರಾಸೆಯಾಯಿತು. ರಾಷ್ಟ್ರೀಯ ಸ್ಪರ್ಧೆ ಎಂದರೆ ಹೆಚ್ಚಾಗಿ ದೆಹಲಿ, ಇಲ್ಲವಾದರೆ ಭೋಪಾಲ. ಸಾವಿರಾರು ಮಕ್ಕಳು ಪಾಳಿಯಂತೆ ಬಂದು ಹೊಡೆದು ಹೋಗುವ ಜಾತ್ರೆ. ದೇಶದ ಭೂಪಟದಲ್ಲಿ ಇನ್ನೂ ಕೆಲವು ಊರುಗಳಿವೆ ಎಂದು ಯಾರೋ ಹೇಳುತ್ತಿದ್ದರು, ವದಂತಿ ಇರಬೇಕು. ಶೂಟರ್ ಪ್ರಕಾಶ್ ನಂಜಪ್ಪ ಬೆಂಗಳೂರಿನವರು. 2013ರಲ್ಲಿ ಮುಖದ ಪಾರ್ಶ್ವವಾಯು ಬಡಿದರೂ ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ ಗೆದ್ದು, ರಿಯೋ ಒಲಿಂಪಿಕ್ಸ್ ತನಕ ಹೋದರು. ಬಾಸ್ಕೆಟ್‌ಬಾಲ್ ಬಿಟ್ಟು ಪಿಸ್ತೂಲು ಹಿಡಿದ ಟಿ. ಎಸ್. ದಿವ್ಯಾ 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಸರಬ್ಜೋತ್ ಜೊತೆ ಮಿಶ್ರ ತಂಡದ ಚಿನ್ನ ತಂದರು. ಇವರೆಲ್ಲ ಭೂಪಟದಲ್ಲಿ ಇಲ್ಲದ ಊರಿನಿಂದಲೇ ಬಂದವರು.

ವರದಿಗಳ ವಿಷಯದಲ್ಲಂತೂ ತಮ್ಮನ್ನು ಮೀರಿಸುವವರಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಹೊಡೆತಕ್ಕೆ 10.8 ಹೊಡೆದು ದೇಶದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದರು. ಅಭ್ಯಾಸಕ್ಕೆ ಅವರ ಮನೆಯಲ್ಲೇ ರೇಂಜ್ ಇತ್ತು. ರೇಂಜ್ ಇಲ್ಲವೆಂದು ಗೊಣಗುವವರು ಮನೆಯಲ್ಲೇ ಕಟ್ಟಿಕೊಳ್ಳಬಹುದು ಎಂಬ ನೀತಿಪಾಠವನ್ನು ನಾವು ಅಂದೇ ಕಲಿತೆವು. ಲಂಡನ್‌ನಲ್ಲಿ ಎರಡು ಪದಕ. ರಿಯೋಗೆ 12 ಜನ ಹೋಗಿ ಬರಿಗೈಯಲ್ಲಿ ಬಂದಾಗ ಬಿಂದ್ರಾ ಅವರನ್ನೇ ಕೂರಿಸಿ ಪರಿಶೀಲನೆ ಮಾಡಿಸಿದಿರಿ. ‘ನಡೆಯುತ್ತೆ ಬಿಡು’ ಎಂಬ ಧೋರಣೆ ಬಿಡಬೇಕು, ವ್ಯವಸ್ಥೆ ಕಟ್ಟಬೇಕು ಎಂಬ ಅರ್ಥದಲ್ಲಿ ಅವರ ಸಮಿತಿ ಕಟುವಾಗಿಯೇ ಬರೆಯಿತು. ಅದನ್ನು ಐದು ವರ್ಷ ಶ್ರದ್ಧೆಯಿಂದ ಪಾರಾಯಣ ಮಾಡಿ ಟೋಕಿಯೋಗೆ 15 ಜನರನ್ನು ಕಳಿಸಿದಿರಿ. ಪದಕ ಮತ್ತೆ ಸೊನ್ನೆ. ಅಲ್ಲಿ ಮನು ಭಾಕರ್ ಪಿಸ್ತೂಲು ಕೈಕೊಟ್ಟಿತು, ಅದಕ್ಕೂ ಮೊದಲೇ ಹುಡುಗಿಗೂ ಕೋಚ್ ಜಸ್ಪಾಲ್ ರಾಣಾ ಅವರಿಗೂ ನಡೆದ ಮನಸ್ತಾಪ ಟೀವಿಯಲ್ಲಿ ಪದಕಕ್ಕಿಂತ ಚೆನ್ನಾಗಿ ಓಡಿತು. ಇಬ್ಬರೂ ತಾವೇ ರಾಜಿಯಾದರು. ಪ್ಯಾರಿಸ್ ಕೂಟದ ಶೂಟಿಂಗ್ ನಡೆದ ಶಾತೂರೂನಲ್ಲಿ ಅವಳು ಎರಡು ಕಂಚು ಗೆಲ್ಲುವಾಗ ಆ ಕೋಚ್ ಕೂತಿದ್ದು ಪ್ರೇಕ್ಷಕರ ಸಾಲಿನಲ್ಲಿ. ಎಂಥ ದೂರದೃಷ್ಟಿ! ಮಗುವಿಗೆ ಕೋಚ್ ಮುಖ ಕಾಣಬೇಕಾದರೆ ಕತ್ತು ಹೊರಳಿಸಬೇಕು. ಕತ್ತಿಗೂ ವ್ಯಾಯಾಮ.

ಕಾಮನ್‌ವೆಲ್ತ್ ವಿಚಾರ ಬಿಟ್ಟರೆ ತಪ್ಪಾದೀತು. 2018ರ ಗೋಲ್ಡ್ ಕೋಸ್ಟ್ ಕೂಟದಲ್ಲಿ ನಮ್ಮವರು ಏಳು ಚಿನ್ನ ಸೇರಿ 16 ಪದಕ ಬಾಚಿದರು. ಬರ್ಮಿಂಗ್‌ಹ್ಯಾಮ್‌ನವರು 2022ರಲ್ಲಿ ಶೂಟಿಂಗನ್ನೇ ಕೈಬಿಟ್ಟರು. ಬಹಿಷ್ಕಾರದ ಮಾತು ಕೇಳಿಸಿತು, ಚಂಡೀಗಢದಲ್ಲಿ ಬೇರೆಯೇ ಕೂಟ ಎಂದಾಯಿತು, ಅದೂ ರದ್ದಾಯಿತು. 2026ರ ಗ್ಲಾಸ್ಗೋ ಪಟ್ಟಿಯಲ್ಲೂ ಶೂಟಿಂಗ್ ಇಲ್ಲ. ಗೆಲ್ಲುವವರನ್ನು ಊಟಕ್ಕೆ ಕರೆಯದಿರುವುದು ಜಗತ್ತಿನ ರೂಢಿ, ನಿಮ್ಮನ್ನು ಏನನ್ನಲಿ?

ಇನ್ನು ಭವಿಷ್ಯ. 2025ರಲ್ಲಿ ತಾವು ಶೂಟಿಂಗ್ ಲೀಗ್ ಘೋಷಿಸಿದಿರಿ. ಫ್ರಾಂಚೈಸಿಗಳಂತೆ, ಮಿಶ್ರ ತಂಡಗಳಂತೆ. ನವೆಂಬರಿಗೆ ಎಂದಿರಿ, ಮುಂದೂಡಿದಿರಿ. ನನಗೆ ಅದರ ಮೇಲೆ ಅಪಾರ ಭರವಸೆ. ಉಸಿರು ಬಿಗಿಹಿಡಿದು ಆಡುವ ಆಟಕ್ಕೆ ತಮಟೆ, ಚಿಯರ್ ಹುಡುಗಿಯರು, ‘ಸ್ಟ್ರಾಟೆಜಿಕ್ ಟೈಮ್‌ಔಟ್’ ಎಲ್ಲ ಬಂದರೆ ಎಷ್ಟು ಚಂದ! ಬೇಕರಿಯ ಮೇಲಿನ ರೇಂಜಿನಲ್ಲಿ ಕರೆಂಟು ಹೋದಾಗ ಟಾರ್ಗೆಟ್ಟು ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಅದನ್ನೂ ಲೀಗಿನಲ್ಲಿ ಒಂದು ವಿಭಾಗವನ್ನಾಗಿ ಸೇರಿಸಬಹುದು, ಐದು ಮೀಟರ್ ಏರ್ ರೈಫಲ್.

ಅದೇ ವರ್ಷ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮಾಡಿ ತಮ್ಮ ನೆಮ್ಮದಿ ಕೆಡಿಸಿದೆ. ಕಾರ್ಯಕಾರಿ ಸಮಿತಿ 15 ಜನರನ್ನು ಮೀರಬಾರದಂತೆ, ಅದರಲ್ಲಿ ಹೆಸರಾಂತ ಕ್ರೀಡಾಪಟುಗಳು ಇರಬೇಕಂತೆ, ಕನಿಷ್ಠ ನಾಲ್ವರು ಹೆಂಗಸರಂತೆ, ಜಗಳ ಬಂದರೆ ನ್ಯಾಯಮಂಡಳಿಯಂತೆ. ಶೂಟಿಂಗ್ ಸಂಸ್ಥೆಯನ್ನು ನಡೆಸಲು ಶೂಟರ್‌ಗಳು ಬೇಕು ಎಂಬ ಈ ವಿಚಿತ್ರ ಆಲೋಚನೆ ಯಾರ ತಲೆಗೆ ಹೊಳೆಯಿತೋ.

ನನಗೆ ಮಾತ್ರ ಇಂಥ ಹೊತ್ತಿನಲ್ಲಿ ಕೊಡಗು ನೆನಪಾಗುತ್ತದೆ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬಕ್ಕೆ ಮನೆಯ ಬಂದೂಕನ್ನು ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿಟ್ಟು, ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಮೈದಾನ. ದೂರದ ಮರದಲ್ಲೊಂದು ತೆಂಗಿನಕಾಯಿ. ಅಜ್ಜನೂ ಹೊಡೆಯುತ್ತಾನೆ, ಸೀರೆ ಉಟ್ಟ ಸೊಸೆಯೂ ಹೊಡೆಯುತ್ತಾಳೆ. ಕಾಯಿ ಒಡೆದರೆ ಗೆದ್ದ ಹಾಗೆ, ಇಲ್ಲವಾದರೆ ಇಲ್ಲ. ಸರಾಸರಿ ಇಲ್ಲ, ಬೋನಸ್ ಅಂಕ ಇಲ್ಲ, ಹೊಡೆದ ಮೇಲೆ ಕಾಯಿ ದೇಶದ್ದೋ ಹೊಡೆದವನದ್ದೋ ಎಂಬ ಚರ್ಚೆಯೂ ಇಲ್ಲ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿದೆ. ತಮ್ಮ ಪರಿಶೀಲನಾ ತಂಡವೊಂದು ಅಲ್ಲಿಗೂ ಹೋಗಿಬರಲಿ. ಪಂದಿಕರಿ ಚೆನ್ನಾಗಿರುತ್ತದೆ. ಆದರೆ ದಯವಿಟ್ಟು ತೆಂಗಿನಕಾಯಿಗೆ ಆಯ್ಕೆ ನೀತಿ ಬರೆಯಬೇಡಿ.

ಕಡೆಯದಾಗಿ ಕೆಲವು ಸಣ್ಣ ಬೇಡಿಕೆಗಳು. ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಆಯ್ಕೆ ನೀತಿಯನ್ನು ಈಗಲೇ ಅಚ್ಚು ಹಾಕಿಸಿ, ತಿದ್ದುಪಡಿಗೆಂದು ಕೊನೆಯಲ್ಲಿ ಖಾಲಿ ಹಾಳೆ ಬಿಡಬೇಡಿ. ಪೆಲೆಟ್ಟಿನ ಡಬ್ಬಿ ಹಳ್ಳಿಯ ಮಗುವಿನ ಕೈಗೆಟುಕುವ ಬೆಲೆಗೆ ಬರಲಿ. ಜಿಲ್ಲೆಗೊಂದು ರೇಂಜ್ ಎಂದರೆ ಆಸೆ ಹೆಚ್ಚಾದೀತು. ವಿಭಾಗಕ್ಕೊಂದಾದರೂ ಇರಲಿ, ಅದರಲ್ಲಿ ಕರೆಂಟೂ ಇರಲಿ. ಮತ್ತೆ ಹೊರಡುವಾಗ ಕೋಚ್‌ಗಳಿಗೂ ಒಂದೊಂದು ಪಾಸು ಮಾಡಿಸಿಬಿಡಿ. ಪ್ರೇಕ್ಷಕರ ಟಿಕೆಟ್ಟು ಡಾಲರಿನಲ್ಲಿ ಕೊಳ್ಳಬೇಕು, ಪಾಪ ಅವರಿಗೆ ಅದೂ ಒಂದು ಖರ್ಚು.

ಇಂತಿ ತಮ್ಮ ವಿಧೇಯ,
ಚೀಟಿ ಎತ್ತಿದ ಅಕ್ಕನ ತಮ್ಮ