ಬಸ್ಸಿನ ಬಣ್ಣ ಯಾವುದ್ರೀ?

ಬಳ್ಳಾರಿಯಿಂದ ಸಿರುಗುಪ್ಪ ತಾಲ್ಲೂಕಿನ ಕರೂರಿಗೆ ವರ್ಗವಾದ ಸಾಹೇಬರು ಮಗುವಿಗೆ ಶಾಲೆ ಹುಡುಕುತ್ತ ಊರವರಿಗೆ ಹಾಕಿದ ಮೊದಲ ಪ್ರಶ್ನೆ: ‘ಸ್ಕೂಲ್ ಬಸ್ಸಿನ ಬಣ್ಣ ಯಾವುದ್ರೀ?’ ‘ಸರ್ಕಾರಿ ಸಾಲಿಗೆ ಬಸ್ ಯಾಕ್ರೀ ಸರ್? ಕೂಸು ನಡಕೊಂಡೇ ಹೋಗ್ತೈತಿ.’ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದೂ ಇದನ್ನೇ: ಮನೆ ಹತ್ತಿರದ ಶಾಲೆ, ಪ್ರಾಥಮಿಕದಲ್ಲಿ 30 ಮಕ್ಕಳಿಗೊಬ್ಬ ಶಿಕ್ಷಕ. ಟೈ ಎಷ್ಟುದ್ದವಿರಬೇಕೆಂದು ಕಾಯ್ದೆ ಹೇಳಿಲ್ಲ, ಪಾಪ. ‘ಮತ್ತೆ ಇಂಗ್ಲಿಷ್?’ ಆಕ್ಷೇಪ ಹಗುರವಲ್ಲ. ಆದರೆ ಮನೆಮಾತಿನಲ್ಲಿ ಓದು ಕೂತ ಮಗುವಿಗೆ ಎರಡನೇ ಭಾಷೆ ಸಲೀಸು. ಅರ್ಥವಾಗದ್ದನ್ನು ಉರುಹೊಡೆದರೆ ಎರಡೂ ಇಲ್ಲ. ‘ಮಾಸ್ತರು ಕಮ್ಮಿ ಅಂತಾರಲ್ಲ?’ ‘ಅದಕ್ಕೇ ಬಣ್ಣ ಬಿಟ್ಟು ಹಾಜರಿ ಪುಸ್ತಕ ಕೇಳ್ರಿ. ಕಾಯಂ ಎಷ್ಟು ಮಂದಿ, ಅತಿಥಿ ಶಿಕ್ಷಕರೆಷ್ಟು, ಒಂದೇ ಕೋಣೆಯೊಳಗ ಎಷ್ಟು ತರಗತಿ?’ ‘ಟಿಸಿ ಇನ್ನೂ ಬಂದಿಲ್ಲಪ್ಪ.’ ಆ ನೆಪವೂ ಉಳಿಯದು: ಟಿಸಿ ತಡವಾಯಿತೆಂದು ಸರ್ಕಾರಿ ಶಾಲೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ, ಕಾಯ್ದೆಯ 5ನೇ ಕಲಂ.